ದೇವರಿಲ್ಲ ಅನ್ನುವವರು ಸಾವಿನ ಬಗ್ಗೆ ಏನು ಹೇಳುತ್ತಾರೆ?

ಮನೆಯಲ್ಲಿ ಯಾರಾದರೂ "ನನಗೆ ದೇವರಲ್ಲಿ ನಂಬಿಕೆ ಇಲ್ಲ" ಅಂತ ಬಾಯಿಬಿಟ್ಟು ಹೇಳಿದರೆ, ಎದುರಿಗಿದ್ದವರು ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಕೇಳುವ ಪ್ರಶ್ನೆ ಹೆಚ್ಚಾಗಿ ಒಂದೇ: "ಹಾಗಾದರೆ ಸತ್ತ ಮೇಲೆ ಏನಾಗ್ತೀವಿ?" ಹತ್ತಿರದವರೊಬ್ಬರು ತೀರಿಕೊಂಡ ವಾರದಲ್ಲಿ ಈ ಮಾತು ಬಂದರಂತೂ ಅದು ಬರೀ ಚರ್ಚೆಯಾಗಿ ಉಳಿಯುವುದಿಲ್ಲ. ಕೇಳಿದವರಿಗೆ ನೋವಾಗುತ್ತದೆ. ಹೇಳಿದವರಿಗೆ ವಿವರಿಸಲು ಮಾತು ಸಿಗುವುದಿಲ್ಲ.

ಈ ಲೇಖನ ಯಾರನ್ನೂ ಯಾವ ಕಡೆಗೂ ಎಳೆಯುವುದಕ್ಕಲ್ಲ. ನಾಸ್ತಿಕರು ನಿಜವಾಗಿ ಏನು ಹೇಳುತ್ತಾರೆ, ಯಾಕೆ ಹೇಳುತ್ತಾರೆ, ಅವರವರಲ್ಲೇ ಎಲ್ಲಿ ಒಮ್ಮತ ಇಲ್ಲ ಅನ್ನುವುದನ್ನು ಬುಡದಿಂದ ನೋಡೋಣ. ಒಂದು ಮಾತನ್ನು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ದೇವರು ಇದ್ದಾನಾ ಅನ್ನುವ ಪ್ರಶ್ನೆಯನ್ನೂ ಸತ್ತ ಮೇಲೆ ಏನಾದರೂ ಉಳಿಯುತ್ತದಾ ಅನ್ನುವ ಪ್ರಶ್ನೆಯನ್ನೂ ನಾವು ಒಂದೇ ಗಂಟು ಅಂದುಕೊಂಡಿದ್ದೇವೆ. ಅವು ಎರಡು ಗಂಟುಗಳು. ಒಂದನ್ನು ಬಿಚ್ಚಿದರೆ ಇನ್ನೊಂದು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಗೊಂದಲ ಜಾಸ್ತಿ ಹುಟ್ಟುವುದು ಇಲ್ಲೇ.

ಒಂದೇ ಪದ, ಮೂರು ಅರ್ಥ

'ನಾಸ್ತಿಕ' ಅನ್ನುವ ಪದದಿಂದಲೇ ಶುರು ಮಾಡೋಣ. 'ಅಸ್ತಿ' ಅಂದರೆ ಇದೆ, 'ನಾಸ್ತಿ' ಅಂದರೆ ಇಲ್ಲ. ಏನು ಇದೆ, ಏನು ಇಲ್ಲ? ಇವತ್ತು ಯಾರನ್ನು ಕೇಳಿದರೂ 'ದೇವರು' ಅನ್ನುತ್ತಾರೆ. ಆದರೆ ಎರಡು ಸಾವಿರ ವರ್ಷಕ್ಕೂ ಹಿಂದೆ ಪಾಣಿನಿ ಈ ಪದಗಳು ಹೇಗೆ ಆಗುತ್ತವೆ ಅಂತ ತನ್ನ ವ್ಯಾಕರಣದಲ್ಲಿ ಒಂದು ಸೂತ್ರ ಬರೆದ. ಅದನ್ನು ವಿವರಿಸಿದ ಹಳೆಯ ವ್ಯಾಖ್ಯಾನಕಾರರು ಹೇಳುವುದು ಬೇರೆ: ಪರಲೋಕ ಇದೆ ಅನ್ನುವವನು ಆಸ್ತಿಕ, ಇಲ್ಲ ಅನ್ನುವವನು ನಾಸ್ತಿಕ. ಅಂದರೆ ಅವರ ಪ್ರಕಾರ ಈ ಪದಕ್ಕೆ ನಂಟಿರುವುದು ಸಾವಿನ ಆಚೆಯ ಲೋಕದ ಜೊತೆ. ಮನುಸ್ಮೃತಿ ಕೊಡುವ ಅರ್ಥ ಮತ್ತೊಂದು: ವೇದವನ್ನು ನಿಂದಿಸುವವನು ನಾಸ್ತಿಕ. ದೇವರನ್ನು ನಂಬದವನು ಅನ್ನುವುದು ಇವತ್ತಿನ ಬಳಕೆ.

ಹೀಗಾಗಿ ನಮ್ಮ ದರ್ಶನಗಳನ್ನು ಆಸ್ತಿಕ, ನಾಸ್ತಿಕ ಅಂತ ವಿಂಗಡಿಸಿದ ಹಳೆಯ ಪಟ್ಟಿಯನ್ನು ಇವತ್ತಿನ ಅರ್ಥದಲ್ಲಿ ಓದಿದರೆ ತಲೆ ತಿರುಗುತ್ತದೆ. ಸಾಂಖ್ಯರೂ ಮೀಮಾಂಸಕರೂ ವೇದವನ್ನು ಒಪ್ಪುತ್ತಾರೆ, ಆದ್ದರಿಂದ ಆಸ್ತಿಕರು. ಆದರೆ ಹಳೆಯ ಸಾಂಖ್ಯದಲ್ಲಿ ಜಗತ್ತನ್ನು ಸೃಷ್ಟಿಸಿದ ದೇವರಿಗೆ ಜಾಗವೇ ಇಲ್ಲ. ಮೀಮಾಂಸಕರಂತೂ ಸೃಷ್ಟಿಕರ್ತ ಬೇಕಾಗಿಲ್ಲ ಅಂತ ವಾದ ಮಾಡಿದ್ದಾರೆ. ಜೈನರಿಗೆ ಸೃಷ್ಟಿಕರ್ತ ಇಲ್ಲ, ಆದರೆ ಜೀವ ಇದೆ, ಕರ್ಮ ಇದೆ, ಜನ್ಮದಿಂದ ಜನ್ಮಕ್ಕೆ ಸಾಗುವ ದಾರಿ ಇದೆ. ಬೌದ್ಧರು ಸೃಷ್ಟಿಕರ್ತನನ್ನೂ ಒಪ್ಪುವುದಿಲ್ಲ, ಬದಲಾಗದ ಆತ್ಮವನ್ನೂ ಒಪ್ಪುವುದಿಲ್ಲ. ಮರುಹುಟ್ಟನ್ನು ಮಾತ್ರ ಒಪ್ಪುತ್ತಾರೆ.

ತಿರುಗುಮುರುಗಾದ ಉದಾಹರಣೆಯೂ ಇದೆ. ಗ್ರೀಸಿನ ಎಪಿಕ್ಯೂರಸ್, ಕ್ರಿಸ್ತಪೂರ್ವ 341ರಲ್ಲಿ ಹುಟ್ಟಿದವನು, ದೇವತೆಗಳು ಇದ್ದಾರೆ ಅಂದ. ಆದರೆ ಅವರೂ ಕಣಗಳಿಂದಲೇ ಆದವರು, ನಮ್ಮ ಗೊಡವೆಗೆ ಬರುವುದಿಲ್ಲ, ಸತ್ತ ಮೇಲೆ ನಮ್ಮದು ಏನೂ ಉಳಿಯುವುದಿಲ್ಲ ಅಂತ ಕಲಿಸಿದ. ದೇವರು ಉಂಟು, ಪರಲೋಕ ಇಲ್ಲ.

ಎರಡನ್ನೂ ಇಲ್ಲ ಅಂದವರು ಚಾರ್ವಾಕರು, ಲೋಕಾಯತರು ಅಂತಲೂ ಹೆಸರು. ಇವರ ಗ್ರಂಥಗಳು ನಮಗೆ ಉಳಿದು ಬಂದಿಲ್ಲ. ಇವರ ಮಾತು ಗೊತ್ತಾಗುವುದು ಹೆಚ್ಚಾಗಿ ಇವರನ್ನು ಖಂಡಿಸಿದವರ ಬರಹಗಳಿಂದ. 14ನೇ ಶತಮಾನದಲ್ಲಿ ಮಾಧವಾಚಾರ್ಯರು ಎಲ್ಲ ದರ್ಶನಗಳನ್ನೂ ಸಂಗ್ರಹಿಸಿ ಬರೆದಾಗ ಮೊದಲ ಅಧ್ಯಾಯವನ್ನು ಚಾರ್ವಾಕರಿಗೇ ಕೊಟ್ಟರು. ಎದುರಾಳಿ ಬರೆದಿಟ್ಟ ಮಾತಾದ್ದರಿಂದ ಸ್ವಲ್ಪ ಹುಷಾರಾಗಿಯೇ ಓದಬೇಕು.

ಇಲ್ಲಿಂದ ಮುಂದೆ ನಾನು ನಾಸ್ತಿಕ ಅಂದಾಗ ಇವತ್ತಿನ ಅರ್ಥದಲ್ಲೇ ಹೇಳುತ್ತೇನೆ: ದೇವರನ್ನು ನಂಬದವರು.

"ಪತ್ರ ಎಲ್ಲಿದೆ?"

ನಾಸ್ತಿಕರ ಮೇಲೆ ಪದೇಪದೇ ಬರುವ ಮಾತು ಇದು: "ದೇವರು ಇಲ್ಲ ಅಂತ ನೀವು ಸಾಬೀತು ಮಾಡಿದ್ದೀರಾ? ಇಲ್ಲ ಅಲ್ವಾ? ಹಾಗಾದರೆ ನಿಮ್ಮದೂ ಒಂದು ನಂಬಿಕೆಯೇ."

ಇದಕ್ಕೆ ಅವರ ಉತ್ತರ ಅರ್ಥವಾಗಬೇಕಾದರೆ ಒಂದು ಸನ್ನಿವೇಶ ಊಹಿಸಿಕೊಳ್ಳಿ. ಗುರುತೇ ಇಲ್ಲದ ಒಬ್ಬರು ನಿಮ್ಮ ಮನೆ ಬಾಗಿಲಿಗೆ ಬಂದು, "ನಿಮ್ಮ ಮುತ್ತಜ್ಜ ನಮ್ಮ ಮುತ್ತಜ್ಜನ ಹತ್ತಿರ ಸಾಲ ತಗೊಂಡಿದ್ದರು, ಈಗ ತೀರಿಸಿ" ಅನ್ನುತ್ತಾರೆ. ನೀವು ಏನು ಕೇಳುತ್ತೀರಿ? ಪತ್ರ ಎಲ್ಲಿದೆ, ಸಾಕ್ಷಿ ಯಾರು ಅಂತ ತಾನೇ. ಪತ್ರ ಇಲ್ಲ ಅಂದರೆ ನೀವು ದುಡ್ಡು ಕೊಡುವುದಿಲ್ಲ. ಮುತ್ತಜ್ಜ ಸಾಲವನ್ನೇ ಮಾಡಿರಲಿಲ್ಲ ಅಂತ ನೀವೇನೂ ಸಾಬೀತು ಮಾಡಿಲ್ಲ. ಮಾಡಿದ್ದರೂ ಮಾಡಿರಬಹುದು. ಆದರೂ ಪತ್ರ ಬರುವ ತನಕ ನಿಮ್ಮ ಮಟ್ಟಿಗೆ ಆ ಸಾಲ ಇಲ್ಲ, ಮತ್ತು ಪತ್ರ ತರಬೇಕಾದ ಹೊಣೆ ಕೇಳಲು ಬಂದವರದು.

ನಾಸ್ತಿಕರಲ್ಲಿ ಹೆಚ್ಚಿನವರು ನಿಂತಿರುವುದು ಈ ಜಾಗದಲ್ಲಿ. "ದೇವರು ಖಂಡಿತ ಇಲ್ಲ" ಅಂತ ಮುಂದೆ ಹೋಗಿ ಹೇಳುವವರೂ ಇದ್ದಾರೆ. "ನಂಬುವುದಕ್ಕೆ ಸಾಕಷ್ಟು ಕಾರಣ ಕಾಣಿಸಿಲ್ಲ" ಅಂತ ಅಲ್ಲಿಗೇ ನಿಲ್ಲುವವರು ಇನ್ನೊಂದು ಬಗೆ. ಬ್ರಿಟನ್ನಿನ ತತ್ವಜ್ಞಾನಿ ಬರ್ಟ್ರಂಡ್ ರಸೆಲ್ 1952ರಲ್ಲಿ ಇದನ್ನೇ ಒಂದು ಚಹಾ ಕುಡಿಕೆಯ ಹೋಲಿಕೆ ಕೊಟ್ಟು ಹೇಳಿದರು: ಭೂಮಿಗೂ ಮಂಗಳಕ್ಕೂ ನಡುವೆ, ಯಾವ ದೂರದರ್ಶಕಕ್ಕೂ ಕಾಣದಷ್ಟು ಚಿಕ್ಕ ಕುಡಿಕೆಯೊಂದು ಸೂರ್ಯನನ್ನು ಸುತ್ತುತ್ತಿದೆ ಅಂತ ನಾನು ಹೇಳಿದರೆ, ನೀವು ಅದನ್ನು ಸುಳ್ಳು ಮಾಡಲಾರಿರಿ, ಹಾಗಂತ ನಂಬಬೇಕಾಗಿಯೂ ಇಲ್ಲ.

ಇಲ್ಲೇ ಪಕ್ಕದಲ್ಲಿ ಇನ್ನೊಂದು ಪದ ಬರುತ್ತದೆ, ಅಜ್ಞೇಯವಾದಿ. ಇದರ ಇಂಗ್ಲಿಷ್ ರೂಪವನ್ನು (ಅಗ್ನಾಸ್ಟಿಕ್) 1869ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ಟಾಮಸ್ ಹಕ್ಸ್‌ಲಿ ಹುಟ್ಟುಹಾಕಿದ. ಇದು ತಿಳಿವಳಿಕೆಯ ಬಗ್ಗೆ ಆಡುವ ಮಾತು: ಇದು ನನಗೆ ಗೊತ್ತಿಲ್ಲ, ಗೊತ್ತಿದೆ ಅಂತ ಹೇಳಿಕೊಳ್ಳುವುದೂ ಇಲ್ಲ. ನಾಸ್ತಿಕ ಅನ್ನುವುದು ನಂಬಿಕೆಯ ಬಗ್ಗೆ ಆಡುವ ಮಾತು. ಒಬ್ಬರೇ ಎರಡೂ ಆಗಿರಬಹುದು. "ನನಗೆ ಗೊತ್ತಿಲ್ಲ, ಆದ್ದರಿಂದ ನಂಬಿಲ್ಲ" ಅನ್ನುವವರು ತುಂಬಾ ಜನ.

"ದೇವರಿಲ್ಲದಿದ್ದರೂ ಯಾವುದೋ ಒಂದು ಶಕ್ತಿ ಇದೆ ಅಲ್ವಾ?"

ಮಾತು ಮುಂದುವರಿದರೆ ಬರುವ ಪ್ರಶ್ನೆ ಇದು. ನನ್ನ ಪ್ರಕಾರ ಇದು ಇಡೀ ವಿಷಯದಲ್ಲೇ ತುಂಬಾ ಮುಖ್ಯವಾದ ಪ್ರಶ್ನೆ, ಯಾಕೆಂದರೆ 'ಶಕ್ತಿ' ಅನ್ನುವ ಪದ ಎಲ್ಲರ ಬಾಯಲ್ಲೂ ಬೇರೆ ಬೇರೆ ಅರ್ಥದಲ್ಲಿ ಓಡಾಡುತ್ತದೆ.

ಗುರುತ್ವಾಕರ್ಷಣೆ ಇದೆ. ಅದು ನಮಗಿಂತ ದೊಡ್ಡದು, ನಮ್ಮ ಮಾತು ಕೇಳುವುದಿಲ್ಲ, ಗ್ರಹಗಳನ್ನು ಹಿಡಿದಿಟ್ಟಿದೆ. ಅದನ್ನೇ ಶಕ್ತಿ ಅಂದರೆ ಯಾವ ನಾಸ್ತಿಕರೂ ತಕರಾರು ಮಾಡುವುದಿಲ್ಲ. ತಕರಾರು ಶುರುವಾಗುವುದು ಆ ಶಕ್ತಿಗೆ ಮನಸ್ಸು ಇದೆ ಅಂದಾಗ. ಅದಕ್ಕೆ ನಮ್ಮ ವಿಷಯ ಗೊತ್ತಾ? ಅದಕ್ಕೆ ಏನಾದರೂ ಬೇಕಾ? ನಾವು ಬೇಡಿಕೊಂಡರೆ ಕೇಳಿಸಿಕೊಳ್ಳುತ್ತದಾ? ಕೇಳಿಸಿಕೊಂಡು ಮಳೆಯನ್ನೋ ಕಾಯಿಲೆಯನ್ನೋ ಬದಲಾಯಿಸುತ್ತದಾ? ಈ ನಾಲ್ಕಕ್ಕೂ ಹೌದು ಅಂದರೆ ಅದು ಹೆಸರು ಬದಲಾಯಿಸಿದ ದೇವರೇ, ಆಗ ಮತ್ತೆ ಪತ್ರ ಕೇಳುತ್ತಾರೆ. ನಾಲ್ಕಕ್ಕೂ ಇಲ್ಲ ಅಂದರೆ ನಾಸ್ತಿಕರು ಕೇಳುವ ಪ್ರಶ್ನೆ ಬೇರೆ: ಅದನ್ನು ನಿಸರ್ಗ ಅಂತಲೇ ಕರೆದರೆ ಏನು ಕಮ್ಮಿಯಾಗುತ್ತದೆ?

ಈ ಗಡಿರೇಖೆಯ ಮೇಲೆ ನಿಂತ ದೊಡ್ಡವರಿದ್ದಾರೆ. ತತ್ವಜ್ಞಾನಿ ಸ್ಪಿನೋಜಾನ ವಿಚಾರಗಳಿಗಾಗಿ 1656ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಯಹೂದಿ ಸಮುದಾಯ ಅವನನ್ನು ಹೊರಹಾಕಿತು, ಆಗ ಅವನಿಗೆ 23 ವರ್ಷ. ದೇವರೂ ನಿಸರ್ಗವೂ ಒಂದೇ ಅನ್ನುವುದು ಆಮೇಲೆ ಅವನು ಬರೆದ ದರ್ಶನದ ತಿರುಳು. 1929ರಲ್ಲಿ ನ್ಯೂಯಾರ್ಕಿನ ಯಹೂದಿ ಗುರು ಒಬ್ಬರು ತಂತಿ ಕಳಿಸಿ "ದೇವರನ್ನು ನಂಬುತ್ತೀರಾ?" ಅಂತ ಕೇಳಿದಾಗ ಐನ್‌ಸ್ಟೈನ್ ಈ ಸ್ಪಿನೋಜಾನ ಹೆಸರನ್ನೇ ಹೇಳಿದರು. ಜಗತ್ತಿನ ನಿಯಮಬದ್ಧ ಸಾಮರಸ್ಯದಲ್ಲಿ ಕಾಣುವ ದೇವರನ್ನು ನಂಬುತ್ತೇನೆ, ಮನುಷ್ಯರ ಹಣೆಬರಹ ನೋಡಿಕೊಂಡು ಕೂತ ದೇವರನ್ನಲ್ಲ ಅನ್ನುವುದು ಅವರ ಉತ್ತರದ ಸಾರ. ಈ ಉತ್ತರವನ್ನು ಇವತ್ತಿಗೂ ಎರಡೂ ಕಡೆಯವರು ತಮ್ಮದು ಅನ್ನುತ್ತಾರೆ. ಐನ್‌ಸ್ಟೈನ್ ತಮ್ಮನ್ನು ನಾಸ್ತಿಕ ಅಂತ ಕರೆಯುವುದನ್ನು ಇಷ್ಟಪಡಲಿಲ್ಲ, ಬೇಡಿಕೆ ಕೇಳುವ ದೇವರನ್ನೂ ಒಪ್ಪಲಿಲ್ಲ. ಎರಡೂ ನಿಜ.

ಸಾಮಾನ್ಯ ಜನರಲ್ಲೂ ಈ ರೇಖೆ ಮಸುಕಾಗಿಯೇ ಇದೆ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರ 2023ರಲ್ಲಿ ಮಾಡಿದ ಸಮೀಕ್ಷೆಯಲ್ಲಿ, ನಾವು ನಾಸ್ತಿಕರು ಅಂತ ಹೇಳಿಕೊಂಡವರಲ್ಲೇ 23% ಜನ ಯಾವುದೋ ಬಗೆಯ ಮೇಲಿನ ಶಕ್ತಿ ಇದೆ ಅಂದರು. ಬೈಬಲ್ ಹೇಳುವ ದೇವರನ್ನು ಮಾತ್ರ ಅವರಲ್ಲಿ ಹೆಚ್ಚುಕಮ್ಮಿ ಯಾರೂ ಒಪ್ಪಲಿಲ್ಲ. ಹಾಗಾಗಿ ಒಬ್ಬರು ನಾಸ್ತಿಕ ಅಂದ ಮಾತ್ರಕ್ಕೆ ಅವರು ಏನೆಲ್ಲ ಒಪ್ಪುವುದಿಲ್ಲ ಅಂತ ನಾವೇ ಊಹಿಸುವುದು ಸರಿಯಲ್ಲ, ಕೇಳಬೇಕು.

"ಮತ್ತೆ ಇದನ್ನೆಲ್ಲ ಮಾಡಿದ್ದು ಯಾರು?" ಅನ್ನುವುದಕ್ಕೂ ಒಂದು ಮಾತು. ಪ್ರತಿಯೊಂದಕ್ಕೂ ಮಾಡಿದವನು ಬೇಕು ಅಂದರೆ ಮಾಡಿದವನನ್ನು ಮಾಡಿದ್ದು ಯಾರು ಅಂತ ಕೇಳಬೇಕಾಗುತ್ತದೆ. ಅವನಿಗೆ ಮಾತ್ರ ಬೇಡ, ಅವನು ಯಾವಾಗಲೂ ಇದ್ದ ಅಂದರೆ, ಅದೇ ರಿಯಾಯಿತಿಯನ್ನು ಜಗತ್ತಿಗೇ ಕೊಡಬಹುದಲ್ಲ ಅನ್ನುತ್ತಾರೆ ನಾಸ್ತಿಕರು. ಆಸ್ತಿಕ ತತ್ವಜ್ಞಾನಿಗಳು ಸುಮ್ನೆ ಬಿಡುವುದಿಲ್ಲ. ಬದಲಾಗುವ ವಸ್ತುಗಳಿಗೆ ಮಾತ್ರ ಕಾರಣ ಬೇಕು, ದೇವರು ಬದಲಾಗುವ ವಸ್ತುವಲ್ಲ ಅನ್ನುತ್ತಾರೆ. ಈ ವಾದ ಇನ್ನೂ ಮುಗಿದಿಲ್ಲ.

ನಂಬಿಕೆ ಬಿಟ್ಟ ಎಷ್ಟೋ ಜನರನ್ನು ಕೇಳಿದರೆ ಅವರು ಹೇಳುವುದು ಇಂಥ ತರ್ಕವನ್ನಲ್ಲ, ಕಣ್ಣಾರೆ ಕಂಡ ನೋವನ್ನು. ಒಳ್ಳೆಯವನೂ ಎಲ್ಲ ಬಲ್ಲವನೂ ಆದ ದೇವರಿದ್ದರೆ ಮಕ್ಕಳು ಯಾಕೆ ಸಾಯುತ್ತಾರೆ ಅನ್ನುವ ಪ್ರಶ್ನೆ. 1755ರ ನವೆಂಬರ್ 1ರಂದು, ಸಂತರ ಹಬ್ಬದ ದಿನ ಬೆಳಿಗ್ಗೆ, ಲಿಸ್ಬನ್ ನಗರದಲ್ಲಿ ಭೂಕಂಪವಾಯಿತು. ಚರ್ಚುಗಳಲ್ಲಿ ಪ್ರಾರ್ಥನೆಗೆ ಸೇರಿದ್ದವರ ಮೇಲೆಯೇ ಕಟ್ಟಡ ಕುಸಿಯಿತು. ಯೂರೋಪಿನ ಚಿಂತಕರು ವರ್ಷಗಟ್ಟಲೆ ಆ ಬಗ್ಗೆ ಬರೆದರು. ಆಸ್ತಿಕರು ಮನುಷ್ಯನಿಗಿರುವ ಸ್ವಾತಂತ್ರ್ಯವನ್ನು, ನಮ್ಮ ಬುದ್ಧಿಗೆ ಎಟುಕದ ಉದ್ದೇಶವನ್ನು ಮುಂದಿಡುತ್ತಾರೆ. ಮನಸ್ಸಿಲ್ಲದ 'ಶಕ್ತಿ'ಯನ್ನು ನಂಬುವವರಿಗೆ ಈ ಪ್ರಶ್ನೆ ಕಾಡುವುದೇ ಇಲ್ಲ, ಯಾಕೆಂದರೆ ಅಂಥ ಶಕ್ತಿಯನ್ನು ಯಾರೂ ಹೊಣೆ ಮಾಡುವುದಿಲ್ಲ.

ಈಗ ಎರಡನೇ ಗಂಟು: ಸತ್ತ ಮೇಲೆ

ಇವತ್ತಿನ ಹೆಚ್ಚಿನ ನಾಸ್ತಿಕರ ಉತ್ತರ ಚಿಕ್ಕದು. ನಾವು 'ನಾನು' ಅನ್ನುವುದು ಮೆದುಳು ನಡೆಸುತ್ತಿರುವ ಒಂದು ಕೆಲಸ, ಮೆದುಳು ನಿಂತರೆ ಆ ಕೆಲಸವೂ ನಿಲ್ಲುತ್ತದೆ. ಕತ್ತಲೆಯಲ್ಲಿ ಕೂತಿರುವುದಲ್ಲ, ಶೂನ್ಯವನ್ನು ಅನುಭವಿಸುವುದೂ ಅಲ್ಲ. ಅನುಭವಿಸುವವರೇ ಇರುವುದಿಲ್ಲ.

ಈ ಹೋಲಿಕೆ ಹಳೆಯದು. ಧಾನ್ಯಕ್ಕೆ ಕಿಣ್ವ ಸೇರಿಸಿ ಹುಳಿ ಬರಿಸಿದಾಗ ಅಮಲು ಹುಟ್ಟುತ್ತದೆ, ಅದು ಧಾನ್ಯದಲ್ಲಿ ಮೊದಲು ಇರಲಿಲ್ಲ. ಹಾಗೆಯೇ ಭೂಮಿ, ನೀರು, ಬೆಂಕಿ, ಗಾಳಿ ದೇಹವಾಗಿ ಕೂಡಿಕೊಂಡಾಗ ಅರಿವು ಹುಟ್ಟುತ್ತದೆ, ಬಿಡಿಬಿಡಿಯಾದಾಗ ಹೋಗುತ್ತದೆ ಅಂದರು ಚಾರ್ವಾಕರು. ಗ್ರೀಸಿನಲ್ಲಿ ಸಾಕ್ರೆಟಿಸ್ ವಿಷ ಕುಡಿಯುವ ದಿನವೇ ಅವನ ಗೆಳೆಯ ಸಿಮ್ಮಿಯಾಸ್ ಕೇಳಿದ್ದೂ ಇಂಥದೇ ಪ್ರಶ್ನೆ ಅಂತ ಪ್ಲೇಟೋ ಬರೆದಿದ್ದಾನೆ: ಆತ್ಮ ಅನ್ನುವುದು ತಂತಿವಾದ್ಯದ ಶ್ರುತಿಯಂತೆ ಇದ್ದರೆ? ಶ್ರುತಿ ಕಣ್ಣಿಗೆ ಕಾಣದು, ಸೊಗಸಾದದ್ದು, ದಿವ್ಯವಾದದ್ದು. ಆದರೂ ವಾದ್ಯ ಮುರಿದ ಮೇಲೆ ಶ್ರುತಿ ಎಲ್ಲಿ ಉಳಿಯುತ್ತದೆ? ಸಾಕ್ರೆಟಿಸ್ ಇದನ್ನು ಒಪ್ಪಲಿಲ್ಲ, ಆತ್ಮ ಅಮರ ಅಂತಲೇ ವಾದಿಸಿದ.

ಹಳಬರ ಹತ್ತಿರ ಹೋಲಿಕೆ ಮಾತ್ರ ಇತ್ತು. ಈಗ ವೈದ್ಯರ ದಾಖಲೆಗಳೂ ಇವೆ. 1848ರಲ್ಲಿ ಅಮೆರಿಕದ ವರ್ಮಾಂಟಿನಲ್ಲಿ ರೈಲುದಾರಿಯ ಕೆಲಸ ಮಾಡಿಸುತ್ತಿದ್ದ ಫಿನಿಯಸ್ ಗೇಜ್ ಎಂಬ 25 ವರ್ಷದ ಮೇಸ್ತ್ರಿಯ ತಲೆಯನ್ನು, ಸಿಡಿಮದ್ದು ಹೊತ್ತಿಕೊಂಡಾಗ, ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸರಳು ತೂರಿಕೊಂಡು ಹೋಯಿತು. ಅವನು ಬದುಕಿದ. ನೆನಪು, ಮಾತು ಎಲ್ಲ ಇತ್ತು. ಆದರೆ ಸ್ವಭಾವ ಬದಲಾಗಿತ್ತು, ಇವನು ಆ ಗೇಜ್ ಅಲ್ಲವೇ ಅಲ್ಲ ಅಂದರು ಬಲ್ಲವರು. (ಕೊನೆಯ ವರ್ಷಗಳಲ್ಲಿ ಅವನು ಚಿಲಿ ದೇಶದಲ್ಲಿ ಕುದುರೆಗಾಡಿ ಓಡಿಸುವ ಕೆಲಸ ಮಾಡಿದ, ಅಂದರೆ ಸಾಕಷ್ಟು ಸುಧಾರಿಸಿದ್ದ ಅನ್ನುವುದನ್ನೂ ಹೇಳಬೇಕು.) ಆಲ್‌ಝೈಮರ್ ಕಾಯಿಲೆ ನೋಡಿದವರಿಗೆ ಬೇರೆ ಉದಾಹರಣೆಯೇ ಬೇಡ. ಹೆತ್ತ ಮಕ್ಕಳ ಹೆಸರು ಹೋಗುತ್ತದೆ, ಆಮೇಲೆ ಮುಖ ಹೋಗುತ್ತದೆ. ಶಸ್ತ್ರಚಿಕಿತ್ಸೆಯ ಅರಿವಳಿಕೆ ತೆಗೆದುಕೊಂಡವರಿಗೂ ಗೊತ್ತು: ಒಂದು ಕ್ಷಣ ಮೇಲಿನ ದೀಪ ನೋಡುತ್ತಿರುತ್ತೀರಿ, ಮರುಕ್ಷಣ ಯಾರೋ ಎಬ್ಬಿಸುತ್ತಿರುತ್ತಾರೆ, ನಡುವಿನ ಮೂರು ಗಂಟೆ ನಿಮ್ಮ ಪಾಲಿಗೆ ಇಲ್ಲವೇ ಇಲ್ಲ.

ನಾಸ್ತಿಕರ ಪ್ರಶ್ನೆ ಇಲ್ಲಿಂದ ಬರುತ್ತದೆ. ಮೆದುಳಿನ ಒಂದು ಮೂಲೆ ಕೆಟ್ಟರೆ ನೆನಪು ಹೋಗುತ್ತದೆ, ಇನ್ನೊಂದು ಮೂಲೆ ಕೆಟ್ಟರೆ ಮಾತು ಹೋಗುತ್ತದೆ. ಹಾಗಿರುವಾಗ ಇಡೀ ಮೆದುಳು ಹೋದಾಗ ನೆನಪು, ಮಾತು, ಸ್ವಭಾವ ಎಲ್ಲವೂ ಮತ್ತೆ ಸರಿಯಾಗಿ ಬೇರೆ ಕಡೆಗೆ ಹೋಗುವುದು ಹೇಗೆ?

ಆತ್ಮವನ್ನು ನಂಬುವವರು ಇದಕ್ಕೆ ಒಂದು ಗಟ್ಟಿ ಮರುಮಾತು ಕೊಡುತ್ತಾರೆ. ರೇಡಿಯೋ ಕೆಟ್ಟರೆ ಹಾಡು ಕೆಡುತ್ತದೆ, ಹಾಗಂತ ಹಾಡು ಹುಟ್ಟುವುದು ರೇಡಿಯೋದಲ್ಲಲ್ಲ, ಪ್ರಸಾರ ಎಲ್ಲೋ ನಡೆಯುತ್ತಿರುತ್ತದೆ. ಮೆದುಳೂ ಹಾಗೆ ಬರೀ ಪೆಟ್ಟಿಗೆ ಆಗಿರಬಾರದೇಕೆ? ಆಗ ನಾಸ್ತಿಕರು ಹೇಳುವುದು: ರೇಡಿಯೋ ಕೆಟ್ಟರೆ ಗೊರಗೊರ ಸದ್ದು ಬರುತ್ತದೆ, ಆದರೆ ವಾರ್ತೆ ಓದುವವರ ಸ್ವಭಾವ ಬದಲಾಗುವುದಿಲ್ಲ, ಅವರಿಗೆ ತಮ್ಮ ಮಕ್ಕಳ ಹೆಸರು ಮರೆಯುವುದಿಲ್ಲ. ಜೊತೆಗೆ, ರೇಡಿಯೋ ಅಲೆಯನ್ನು ಇನ್ನೊಂದು ಯಂತ್ರದಿಂದ ಅಳೆಯಬಹುದು, ಈ ಪ್ರಸಾರವನ್ನು ಅಳೆದವರಿಲ್ಲ.

ಇಷ್ಟಾದ ಮೇಲೂ ಒಂದು ದೊಡ್ಡ ಪ್ರಶ್ನೆ ಬಾಕಿ ಇದೆ. ನರಕೋಶಗಳ ಮಿಂಚು ಹೇಗೆ 'ನನಗೆ ನೋಯುತ್ತಿದೆ' ಅನ್ನುವ ಒಳ ಅನುಭವ ಆಗುತ್ತದೆ ಅನ್ನುವುದನ್ನು ವಿಜ್ಞಾನ ಇನ್ನೂ ಬಿಡಿಸಿಲ್ಲ. ನಾಸ್ತಿಕ ತತ್ವಜ್ಞಾನಿಗಳಲ್ಲೇ ಈ ಬಗ್ಗೆ ಜೋರು ಭಿನ್ನಾಭಿಪ್ರಾಯ ಇದೆ. ಆದರೆ ಬಿಡಿಸದ ಪ್ರಶ್ನೆ ಇದೆ ಅನ್ನುವುದು ಆತ್ಮಕ್ಕೆ ಸಿಕ್ಕ ಪತ್ರವಲ್ಲ ಅನ್ನುವಲ್ಲಿ ಅವರು ಹೆಚ್ಚಾಗಿ ಒಂದಾಗುತ್ತಾರೆ.

"ಶಕ್ತಿಗೆ ನಾಶವಿಲ್ಲ ಅಂತ ವಿಜ್ಞಾನವೇ ಹೇಳುತ್ತದಲ್ಲ?"

ಹೌದು, ಹೇಳುತ್ತದೆ. ಸುಮ್ಮನೆ ಕೂತ ದೊಡ್ಡವರ ದೇಹ ಸುಮಾರು 100 ವ್ಯಾಟ್ ಬಲ್ಬಿನಷ್ಟು ಶಾಖ ಹೊರಬಿಡುತ್ತಿರುತ್ತದೆ. ಸತ್ತ ಮೇಲೆ ಉಳಿದ ಶಾಖ ಸುತ್ತಲಿನ ಗಾಳಿಗೆ ಹೋಗುತ್ತದೆ, ದೇಹದ ಕಣಕಣಗಳಲ್ಲಿ ಕಟ್ಟಿಟ್ಟ ಶಕ್ತಿ ಮಣ್ಣಿಗೋ ಬೆಂಕಿಗೋ ಹೋಗುತ್ತದೆ. ಯಾವುದೂ ನಾಶವಾಗುವುದಿಲ್ಲ.

ಆದರೆ ಹೊಳೆಯಲ್ಲಿ ಒಂದು ಸುಳಿ ನೋಡಿ. ಅದಕ್ಕೆ ಆಕಾರ ಇದೆ, ಜಾಗ ಇದೆ, ದೂರದಿಂದ ಗುರುತು ಹಿಡಿಯಬಹುದು. ನೀರಿನ ಹರಿವು ತಗ್ಗಿದಾಗ ಸುಳಿ ಇಲ್ಲವಾಗುತ್ತದೆ. ನೀರು ಒಂದು ಹನಿಯೂ ಕಡಿಮೆಯಾಗಿಲ್ಲ. ಸುಳಿ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ, ನೀರು ಹಾಗೆ ತಿರುಗುವುದು ನಿಂತಿತು, ಅಷ್ಟೇ. ಮನುಷ್ಯ ಸುಳಿಯಂತೆ, ನೀರಿನಂತೆ ಅಲ್ಲ ಅನ್ನುವುದು ನಾಸ್ತಿಕರ ಉತ್ತರ. ಭೌತಶಾಸ್ತ್ರದಲ್ಲಿ ಶಕ್ತಿ ಅನ್ನುವುದು ಅಳೆಯುವ ಒಂದು ಪ್ರಮಾಣ, ಅದಕ್ಕೆ ನೆನಪೂ ಇಲ್ಲ, ಹೆಸರೂ ಇಲ್ಲ.

ಹೋಗಿ ಬಂದವರ ಮಾತು

ನಿಜಕ್ಕೂ ಯೋಚನೆಗೆ ಹಚ್ಚುವ ಭಾಗ ಇದು. ಸತ್ತು ಬದುಕಿದೆ ಅನ್ನುವವರು ಇದ್ದಾರೆ. ಸುರಂಗ ಕಂಡೆ, ಬೆಳಕು ಕಂಡೆ, ತೀರಿಹೋದ ಅಮ್ಮ ಬಂದಿದ್ದಳು, ಮೇಲಿನಿಂದ ನನ್ನ ದೇಹವನ್ನೇ ನೋಡಿದೆ ಅನ್ನುತ್ತಾರೆ. ಇವರು ಸುಳ್ಳು ಹೇಳುತ್ತಿದ್ದಾರೆ ಅಂತ ಗಂಭೀರವಾಗಿ ಅಧ್ಯಯನ ಮಾಡಿದ ನಾಸ್ತಿಕರು ಹೇಳುವುದಿಲ್ಲ. ಅನುಭವ ಆಗಿದ್ದು ನಿಜ. ಅದು ದೇಹದ ಹೊರಗಿನ ಅನುಭವವೋ, ಒದ್ದಾಡುತ್ತಿರುವ ಮೆದುಳಿನ ಅನುಭವವೋ ಅನ್ನುವುದಷ್ಟೇ ಪ್ರಶ್ನೆ.

ಪರೀಕ್ಷೆ ಮಾಡಿ ನೋಡುವ ಆಸೆಯೂ ತುಂಬಾ ಹಳೆಯದು. ಬೌದ್ಧರ ಹಳೆಯ ಗ್ರಂಥ ದೀಘನಿಕಾಯದಲ್ಲಿ ಪಾಯಾಸಿ ಎಂಬ ದೊರೆಯ ಕಥೆ ಇದೆ. ಪರಲೋಕ ಇಲ್ಲ ಅನ್ನುವವನು ಅವನು. ಕೆಟ್ಟ ಕೆಲಸ ಮಾಡಿದ ನೆಂಟರು ಸಾಯುವಾಗ, ನರಕಕ್ಕೆ ಹೋದರೆ ಬಂದು ಹೇಳಿ ಅಂತ ಕೇಳಿಕೊಂಡಿದ್ದನಂತೆ, ಯಾರೂ ಬರಲಿಲ್ಲ. ಮರಣದಂಡನೆಯಾದ ಕಳ್ಳನನ್ನು ಗುಡಾಣದೊಳಗೆ ಹಾಕಿ, ಬಾಯಿ ಭದ್ರವಾಗಿ ಮುಚ್ಚಿಸಿ, ಆತ್ಮ ಹೊರಬೀಳುತ್ತದಾ ಅಂತ ಕಾದನಂತೆ. ಸಾಯುವ ಮೊದಲೂ ಆಮೇಲೂ ತೂಕ ಹಾಕಿಸಿದನಂತೆ. ಓದಿದರೆ ಎದೆ ಝಲ್ಲೆನ್ನುವ ಕ್ರೌರ್ಯ. ಅವನ ಜೊತೆ ವಾದಿಸುವ ಕುಮಾರ ಕಸ್ಸಪ ಎಂಬ ಭಿಕ್ಷು ಕೊಡುವ ಉತ್ತರ ಜಾಣತನದ್ದು: ಸಿಕ್ಕಿಬಿದ್ದ ಕಳ್ಳ, ಮನೆಯವರಿಗೆ ಹೇಳಿ ಬರುತ್ತೇನೆ ಅಂದರೆ ಮರಣದಂಡನೆ ಜಾರಿ ಮಾಡುವವರು ಬಿಡುತ್ತಾರಾ? ನರಕದ ಕಾವಲುಗಾರರು ಯಾಕೆ ಬಿಡುತ್ತಾರೆ? ಕೊನೆಗೆ ಪಾಯಾಸಿ ಸೋಲೊಪ್ಪುತ್ತಾನೆ. ಸಾವಿನ ಹೊತ್ತಿನ ತೂಕವನ್ನು ಅಮೆರಿಕದ ವೈದ್ಯ ಡಂಕನ್ ಮ್ಯಾಕ್‌ಡೂಗಲ್ ಕೂಡ ಹಾಕಿದ, ಸಾಯುತ್ತಿದ್ದ ಆರು ರೋಗಿಗಳ ಮೇಲೆ. ಫಲಿತಾಂಶ ಪ್ರಕಟಿಸಿದ್ದು 1907ರಲ್ಲಿ. ಆತ್ಮದ ತೂಕ 21 ಗ್ರಾಂ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ. ಆ ಅಂಕಿ ಸಿಕ್ಕಿದ್ದು ಆರರಲ್ಲಿ ಒಬ್ಬ ರೋಗಿಯ ಲೆಕ್ಕದಿಂದ, ಉಳಿದವರಲ್ಲಿ ಅದು ಹೊಂದಲಿಲ್ಲ.

ಈಗಿನ ಪರೀಕ್ಷೆಗಳು ಮಾನವೀಯವಾಗಿವೆ, ನಾಜೂಕಾಗಿವೆ. ಸ್ಯಾಮ್ ಪಾರ್ನಿಯಾ ಎಂಬ ವೈದ್ಯರ ತಂಡ 15 ಆಸ್ಪತ್ರೆಗಳಲ್ಲಿ, ಮೇಲಿನಿಂದ ನೋಡಿದರೆ ಮಾತ್ರ ಕಾಣುವ ಹಾಗೆ ಎತ್ತರದ ಹಲಗೆಗಳ ಮೇಲೆ ಚಿತ್ರಗಳನ್ನು ಇಟ್ಟಿತು. ಹೃದಯ ನಿಂತ 2,060 ಪ್ರಕರಣಗಳು ದಾಖಲಾದವು, ಬದುಕಿದ 140 ಜನರ ಜೊತೆ ಮಾತಾಡಿದರು. 2014ರಲ್ಲಿ ಫಲಿತಾಂಶ ಬಂತು. ಚಿತ್ರ ನೋಡಿದೆ ಅಂತ ಒಬ್ಬರೂ ಹೇಳಲಿಲ್ಲ. ಆದರೆ ಒಬ್ಬ ರೋಗಿ, ತನಗೆ ಪ್ರಜ್ಞೆ ಇರಲಿಲ್ಲ ಅನ್ನುವ ಹೊತ್ತಿನಲ್ಲಿ ಕೋಣೆಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳಿದ, ಆ ಕೋಣೆಯಲ್ಲಿ ಹಲಗೆ ಇರಲಿಲ್ಲ. ಎರಡೂ ಕಡೆಯವರೂ ತಮಗೆ ಬೇಕಾದ ಅರ್ಧವನ್ನು ಮಾತ್ರ ಹೇಳುತ್ತಾರೆ, ಅದಕ್ಕೇ ಎರಡನ್ನೂ ಬರೆದೆ.

ಮೆದುಳಿನ ಕಡೆಯಿಂದಲೂ ಸುಳಿವುಗಳಿವೆ. 2002ರಲ್ಲಿ ನರವಿಜ್ಞಾನಿ ಓಲಾಫ್ ಬ್ಲಾಂಕೆ ಅವರ ತಂಡ ಮೂರ್ಛೆರೋಗದ ಮಹಿಳೆಯೊಬ್ಬರ ಮೆದುಳಿನ ಬಲಭಾಗದ ಒಂದು ಜಾಗಕ್ಕೆ ಸಣ್ಣ ವಿದ್ಯುತ್ ಕೊಟ್ಟಾಗ, ಅವರಿಗೆ ತಾನು ಮೇಲೆ ತೇಲುತ್ತ ಕೆಳಗೆ ಮಲಗಿರುವ ತನ್ನನ್ನೇ ನೋಡಿದಂತಾಯಿತು. 2023ರಲ್ಲಿ ಜಿಮೊ ಬೋರ್ಜಿಗಿನ್ ಅವರ ತಂಡ, ಉಸಿರಾಟದ ಯಂತ್ರ ತೆಗೆದ ಮೇಲೆ ಸಾಯುತ್ತಿದ್ದ ನಾಲ್ವರ ಮೆದುಳಿನ ದಾಖಲೆ ನೋಡಿ, ಇಬ್ಬರಲ್ಲಿ ಕೊನೆಯ ಹೊತ್ತಿಗೆ ಮೆದುಳಿನ ಚಟುವಟಿಕೆ ಥಟ್ಟನೆ ಏರಿದ್ದನ್ನು ಪ್ರಕಟಿಸಿತು. ಅವರು ಏನಾದರೂ ಕಂಡರೋ ಇಲ್ಲವೋ ಯಾರೂ ಕೇಳಲಾಗದು. ನಾಸ್ತಿಕರು ಇನ್ನೊಂದನ್ನೂ ನೆನಪಿಸುತ್ತಾರೆ: ಬಂದು ಹೇಳಿದ ಯಾರ ಮೆದುಳೂ ಪೂರ್ತಿ ಸತ್ತಿರಲಿಲ್ಲ. ಸತ್ತಿದ್ದರೆ ಬರುತ್ತಿರಲಿಲ್ಲ.

ಹಿಂದಿನ ಜನ್ಮ ನೆನಪಿದೆ ಅನ್ನುವ ಮಕ್ಕಳ ವಿಷಯವೂ ಹೀಗೆಯೇ. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್‌ಸನ್ ಮತ್ತು ಅವರ ಸಹೋದ್ಯೋಗಿಗಳು ಇಂಥ 2,000ಕ್ಕೂ ಜಾಸ್ತಿ ಪ್ರಕರಣ ಕಲೆಹಾಕಿದರು. ಎಷ್ಟೋ ಸಲ ಸಂಶೋಧಕರು ಹೋಗುವ ಮೊದಲೇ ಎರಡೂ ಕುಟುಂಬ ಭೇಟಿಯಾಗಿರುತ್ತವೆ, ಮಗು ಮೊದಲು ಏನು ಹೇಳಿತ್ತು ಅನ್ನುವ ಬರಹದ ದಾಖಲೆ ಇರುವುದಿಲ್ಲ, ನೆನಪು ತಾನಾಗಿ ತಿದ್ದಿಕೊಳ್ಳುತ್ತದೆ ಅನ್ನುವುದು ಒಪ್ಪದವರ ಆಕ್ಷೇಪ.

ಹಾಗಾದರೆ ಭಯ ಆಗುವುದಿಲ್ಲವಾ?

ಇಲ್ಲಿ ನಾಸ್ತಿಕರು ಒಂದೇ ದನಿಯಲ್ಲಿ ಮಾತಾಡುವುದಿಲ್ಲ.

ಎಪಿಕ್ಯೂರಸ್‌ನ ಮಾತು ಸರಳ. ನಾವು ಇರುವಾಗ ಸಾವು ಇರುವುದಿಲ್ಲ, ಸಾವು ಬಂದಾಗ ನಾವು ಇರುವುದಿಲ್ಲ, ಮತ್ತೆ ಭಯ ಯಾರಿಗೆ? ಅವನ ದಾರಿ ಹಿಡಿದ ರೋಮಿನ ಕವಿ ಲುಕ್ರೀಶಿಯಸ್ ಇನ್ನೊಂದು ಸೇರಿಸಿದ: ಹುಟ್ಟುವ ಮೊದಲು ಯುಗಯುಗ ಕಳೆದುಹೋದವು, ಆಗ ನೀನು ಇರಲಿಲ್ಲ, ಅದಕ್ಕಾಗಿ ನೀನು ಅತ್ತಿಲ್ಲ. ಸತ್ತ ಮೇಲಿನದೂ ಅದೇ ಥರ.

ಇದು ತಲೆಗೆ ಹಿಡಿಸುತ್ತದೆ, ಎದೆಗೆ ಅಷ್ಟಾಗಿ ಹಿಡಿಸುವುದಿಲ್ಲ. ತಾನೂ ನಾಸ್ತಿಕನಾದ ತತ್ವಜ್ಞಾನಿ ಟಾಮಸ್ ನೇಗೆಲ್ 1970ರಲ್ಲಿ ಇದಕ್ಕೆ ಉತ್ತರ ಬರೆದರು. ಸಾವು ಕೆಟ್ಟದ್ದಾಗುವುದು ಅದು ನೋಯಿಸುವುದರಿಂದ ಅಲ್ಲ, ನಮಗೆ ಸಿಗಬಹುದಾಗಿದ್ದ ಬದುಕನ್ನು ಕಿತ್ತುಕೊಳ್ಳುವುದರಿಂದ. ಇಪ್ಪತ್ತರ ಹುಡುಗಿ ಸತ್ತಾಗ ನಾವು ಅಳುವುದು ಅವಳು ಈಗ ಎಲ್ಲೋ ನರಳುತ್ತಿದ್ದಾಳೆ ಅಂತ ಅಲ್ಲ ತಾನೇ? ನನಗೆ ನೇಗೆಲ್ ಮಾತೇ ಹೆಚ್ಚು ನಿಜ ಅನ್ನಿಸುತ್ತದೆ. ಇನ್ನೊಬ್ಬ ತತ್ವಜ್ಞಾನಿ ಬರ್ನಾರ್ಡ್ ವಿಲಿಯಮ್ಸ್ ಮತ್ತೊಂದು ಕಡೆಯಿಂದ ನೋಡಿದರು: ಸಾವೇ ಇಲ್ಲದ ಬದುಕು ಕೊನೆಗೆ ಬೇಸರದಲ್ಲಿ ಮುಳುಗುತ್ತದೆ, ಆದ್ದರಿಂದ ಅಮರತ್ವ ನಾವು ಅಂದುಕೊಂಡಷ್ಟು ದೊಡ್ಡ ವರ ಅಲ್ಲ ಅಂದರು.

ತೀರಿಹೋದವರನ್ನು ಮತ್ತೆ ನೋಡುತ್ತೇನೆ ಅನ್ನುವ ಸಮಾಧಾನ ನಾಸ್ತಿಕರಿಗೆ ಇಲ್ಲ. ಇದನ್ನು ಅವರು ಮುಚ್ಚಿಡಬಾರದು, ಮುಚ್ಚಿಡದವರೇ ನನಗೆ ಗೌರವ ಹುಟ್ಟಿಸುವವರು. ಭಗತ್ ಸಿಂಗ್ 1930ರಲ್ಲಿ ಲಾಹೋರಿನ ಜೈಲಿನಲ್ಲಿ ತಾನು ಯಾಕೆ ನಾಸ್ತಿಕ ಅಂತ ಬರೆದರು. ನಂಬಿಕೆ ಇದ್ದಿದ್ದರೆ ತನ್ನ ಸ್ಥಿತಿ ಹಗುರಾಗುತ್ತಿತ್ತು ಅನ್ನುವುದನ್ನು ಅಲ್ಲಿ ಒಪ್ಪಿಕೊಳ್ಳುತ್ತಾರೆ. ಬೇರೆಯವರು ಮುಂದಿನ ಜನ್ಮದ, ಸ್ವರ್ಗದ ಆಸೆ ಇಟ್ಟುಕೊಳ್ಳಬಹುದು, ತನಗೆ ಕುತ್ತಿಗೆಗೆ ಹಗ್ಗ ಬಿದ್ದು ಕಾಲಡಿಯ ಹಲಗೆ ಸರಿದ ಕ್ಷಣವೇ ಕೊನೆಯ ಕ್ಷಣ, ಆಮೇಲೆ ಏನೂ ಇಲ್ಲ ಅಂತ ತಿಳಿದೇ ಬರೆಯುತ್ತಾರೆ. 1931ರ ಮಾರ್ಚ್ 23ರಂದು ಗಲ್ಲಿಗೇರಿದಾಗ ಅವರಿಗೆ 23 ವರ್ಷ.

ಸಾಯುವ ಹೊತ್ತಿಗೆ ಎಲ್ಲರೂ ನಂಬಿಯೇ ನಂಬುತ್ತಾರೆ ಅನ್ನುವ ಮಾತೂ ಇದೆ. ಅದನ್ನು ಕಣ್ಣಾರೆ ನೋಡಿಯೇಬಿಡುತ್ತೇನೆ ಅಂತ 1776ರ ಜುಲೈ 7ರಂದು ಎಡಿನ್‌ಬರೋದಲ್ಲಿ ಬರಹಗಾರ ಜೇಮ್ಸ್ ಬಾಸ್ವೆಲ್, ಸಾವಿನ ಅಂಚಿನಲ್ಲಿದ್ದ ತತ್ವಜ್ಞಾನಿ ಡೇವಿಡ್ ಹ್ಯೂಮ್ ಮನೆಗೆ ಹೋದ. ಬಾಸ್ವೆಲ್ ನಂಬುವವನು, ಹ್ಯೂಮ್ ಜೀವನವಿಡೀ ಧರ್ಮದ ವಾದಗಳನ್ನು ಪ್ರಶ್ನಿಸಿದವನು. ಹ್ಯೂಮ್ ತುಂಬಾ ಸೊರಗಿದ್ದ, ಆದರೆ ಸಮಾಧಾನವಾಗಿದ್ದ, ಖುಷಿಯಾಗಿಯೂ ಇದ್ದ ಅಂತ ಬಾಸ್ವೆಲ್ ಬರೆದಿಟ್ಟಿದ್ದಾನೆ. ಇಲ್ಲವಾಗುತ್ತೇನೆ ಅನ್ನುವುದು ಕಾಡುವುದಿಲ್ಲವಾ ಅಂತ ಕೇಳಿದ್ದಕ್ಕೆ, ಹುಟ್ಟುವ ಮೊದಲು ಇರಲಿಲ್ಲ ಅನ್ನುವುದಕ್ಕಿಂತ ಜಾಸ್ತಿ ಏನೂ ಕಾಡುವುದಿಲ್ಲ ಅಂತ ಲುಕ್ರೀಶಿಯಸ್‌ನನ್ನೇ ನೆನೆದ. ಸಾವಿನ ಆಚೆಗೆ ಏನಾದರೂ ಇರುವ ಸಾಧ್ಯತೆಯಾದರೂ ಇಲ್ಲವಾ ಅಂತ ಬಾಸ್ವೆಲ್ ಬಿಡದೆ ಕೇಳಿದ. ಬೆಂಕಿಗೆ ಹಾಕಿದ ಕಲ್ಲಿದ್ದಲಿನ ತುಂಡು ಉರಿಯದೇ ಇರುವುದೂ ಸಾಧ್ಯ ಅಂದ ಹ್ಯೂಮ್. ಬಾಸ್ವೆಲ್ ಕಲಕಿದ ಮನಸ್ಸಿನಲ್ಲಿ ಹೊರಬಂದ. ಮುಂದಿನ ತಿಂಗಳು 25ರಂದು ಹ್ಯೂಮ್ ತೀರಿಕೊಂಡ.